ಚಂದ ಅಳುವಾಕಿ

ನಮ್ಮ ಮನೆಯ ನಡುಕೋಣೆಯ ಬಾಗಿಲ ಹಿಂದೆ ಒಂದು ಮೊಳೆ, ಆ ಮೊಳೆಗೆ ಒಂದು ಸೀರೆ. ಬೂದಿ ಬಣ್ಣ ಅನ್ನೋಣವೆಂದರೆ ಅಷ್ಟು ಬೂದಿಯಲ್ಲ, ನೀಲಿ ಅನ್ನೋಣವೆಂದರೆ ತೊಳೆದೂ ತೊಳೆದೂ ನೀಲಿ ಹೋಗಿಬಿಟ್ಟಿದೆ. ಮೊನ್ನೆ ನನ್ನ ಸೊಸೆ ಹಳೆಯ ಅರಿವೆಗಳನ್ನೆಲ್ಲ ಗಂಟು ಕಟ್ಟುವಾಗ ಅದನ್ನೂ ಎಳೆದುಕೊಂಡು ಬಂದಳು.

"ಅತ್ತೀ, ಇದನ್ನ ಪಾತ್ರಿ ಮಾರಾಕಿಗೆ ಹಾಕಿಬಿಡ್ಲೇನ್ರಿ? ಹೆಂಗೂ ಈಗ ನಿಮ್ಮನ್ನ ಯಾರೂ ಕರಿಯಂಗಿಲ್ಲಲ್ರಿ."

ಮಾತು ಜಾರಿದ ಮೇಲೆ ಹುಡುಗಿ ನಾಲಗೆ ಕಚ್ಚಿಕೊಂಡಳು. ನಾನು ಸೀರೆ ಇಸಿದುಕೊಂಡು ಮತ್ತೆ ಮೊಳೆಗೆ ಹಾಕಿದೆ. ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಸತ್ತವರ ಮನೆಗೆ ಹೋಗುವುದಕ್ಕೆ ನಮ್ಮ ಕಡೆ ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಇದು ನಾನು ಮಣ್ಣಿಗೆ ಹೋಗುವಾಗ ಉಡುವ ಸೀರೆ. ಅದಕ್ಕೂ ಒಂದು ರೀತಿ ನೀತಿ ಇದೆ ನೋಡಿ. ಹೊಸದಿರಬಾರದು, ಮಿಂಚಬಾರದು. ಹಾಗಂತ ಹರಿದಿದ್ದರೆ ಗಂಡನ ಮನೆಯ ಮಾನ ಹೋಗುತ್ತದೆ. ಸೆರಗು ಉದ್ದ ಬೇಕು. ತಲೆಗೆ ಹೊದ್ದ ಮೇಲೂ ಮೂಗು ಒರೆಸಲು ಒಂದಿಷ್ಟು ಉಳಿಯಬೇಕು. ಅಂಗಡಿಯಲ್ಲಿ ಇಂಥ ಸೀರೆ ಕೊಡಿ ಅಂತ ಕೇಳುವ ಹಾಗಿಲ್ಲ, ತಾನಾಗಿಯೇ ಹಳತಾಗಿ ಆ ದರ್ಜೆಗೆ ಏರಬೇಕು.

ನಾನು ಅಳುವುದರಲ್ಲಿ ಹೆಸರು ಮಾಡಿದವಳು. ನಗಬೇಡಿ. ಕೆಲವರು ಹೋಳಿಗೆಯಲ್ಲಿ ಹೆಸರು ಮಾಡುತ್ತಾರೆ, ಕೆಲವರು ರಂಗೋಲಿಯಲ್ಲಿ, ಇನ್ನು ಕೆಲವರು ಜಗಳದಲ್ಲಿ. ನನ್ನ ಪಾಲಿಗೆ ಬಂದದ್ದು ಅಳು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ನಮ್ಮ ಬೀಗರು, ಅಣ್ಣತಮ್ಮಂದಿರು ಹರಡಿಕೊಂಡಿದ್ದಾರೆ. ಇಷ್ಟು ದೊಡ್ಡ ಬಳಗವಿದ್ದರೆ ಯಾರಾದರೊಬ್ಬರು ಹೋಗುತ್ತಲೇ ಇರುತ್ತಾರೆ. ಹೋದರೆಂದರೆ ಫೋನು ಮೊದಲು ಶಿಗ್ಗಾಂವಿಗೆ, ನನಗೆ. "ನೀಲಕ್ಕಾ, ಲಗೂನ ಬರ್ರಿ, ಇಲ್ಲಿ ಹೆಣ್ಮಕ್ಳು ಬರೇ ಸುಮ್ನ ಕುಂತಾರ."

ಸುಮ್ಮನೆ ಕಣ್ಣೀರು ಹಾಕುವುದನ್ನು ನಮ್ಮಲ್ಲಿ ಅಳು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿರುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವಿನ ಹಾರ, ಅತ್ತ ಕಡೆ ಭಜನೆಯವರು. ಅವರ ಮುಂದೆ ಕೂತು, ಮನೆಯವರ ಕೊರಳಿಗೆ ಬಿದ್ದು, ಸತ್ತವರ ಗುಣ, ರೂಪ, ಬಾಳಿದ ಬಾಳು ಎಲ್ಲವನ್ನೂ ರಾಗ ಎಳೆದು ಹೇಳಿಕೊಳ್ಳಬೇಕು. ಹಾಡ್ಯಾಡಿ ಅಳುವುದು ಅಂದರೆ ಅದು. ಅದು ಎಲ್ಲರಿಗೂ ಬರುವುದಿಲ್ಲ. ನನಗೆ ಬರುತ್ತಿತ್ತು. ಈಚೆಗಂತೂ ನಾನು ಶುರು ಮಾಡಿದರೆ ಹರೆಯದವರು ಮೊಬೈಲು ಎತ್ತಿ ಹಿಡಿಯುತ್ತಿದ್ದರು. ದೂರದಲ್ಲಿದ್ದವರು ವಿಡಿಯೋದಲ್ಲೇ ನೋಡಿ ಕಣ್ಣೊರೆಸಿಕೊಂಡು, "ಅತ್ತೀ, ಭಾಳ ಚಂದ ಅತ್ರಿ" ಅಂತ ಸಂದೇಶ ಕಳಿಸುತ್ತಿದ್ದರು. ನನಗೆ ಒಳಗೊಳಗೇ ಹಿಗ್ಗು. ಥೂ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕಲಿಸಿದಾಕೆ ಹಿರೇಕೆರೂರಿನ ಅತ್ತಿ, ನಮ್ಮ ಅಪ್ಪನ ಅಕ್ಕ. ಆಕೆ ಬಂದಳೆಂದರೆ ಸಾವಿನ ಮನೆಗೆ ಕಳೆ ಬರುತ್ತಿತ್ತು ಅಂತ ಜನ ಹೇಳುತ್ತಿದ್ದರು. ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಸಿಮೆಣಸಿನಕಾಯಿ ತೊಟ್ಟು ಮುರಿಯುತ್ತ ಪಾಠ ಹೇಳುತ್ತಿದ್ದಳು.

"ಓಣಿ ತಿರುವಿನಾಗನ ದನಿ ತಗೀಬೇಕವಾ. ಬಾಗಲಾಗ ನಿಂತು ಸುರು ಮಾಡಿದ್ರ ಮಂದಿ ಹಾದಿ ಬಿಡಂಗಿಲ್ಲ. ಮೊದಲ ಸಂಬಂಧ ಹೇಳು. ಆಮ್ಯಾಲ ಗುಣಾ ಹೇಳು. ಗುಣಾ ಇರಲಿಲ್ಲಂದ್ರ ಮೀಸಿ ಹಾಡು. ಮೀಸಿನೂ ಇರಲಿಲ್ಲಂದ್ರ ಅವನ ಎತ್ತು ಹಾಡು."

"ಎತ್ತೂ ಇರಲಿಲ್ಲಂದ್ರ?"

"ಎತ್ತಿಲ್ಲದಾಂವನ ಮಣ್ಣಿಗೆ ನಾವ್ಯಾಕ ಹೋಗತೇವಿ?" ಅನ್ನುವಳು. ನಮ್ಮ ಮನೆತನದ ದೊಡ್ಡಸ್ತಿಕೆಯೆಲ್ಲ ಆ ಒಂದು ಮಾತಿನಲ್ಲಿತ್ತು. ಇನ್ನೊಂದು ಮಾತನ್ನು ಮಾತ್ರ ದನಿ ಇಳಿಸಿ ಹೇಳುತ್ತಿದ್ದಳು. "ಸತ್ತಾವ್ರು ಕೇಳಂಗಿಲ್ಲ, ಕುಂತಾವ್ರು ಕೇಳತಾರ. ಕುಂತಾವ್ರಿಗೆ ಚಂದ ಅನಸಬೇಕು."

ಆ ಪಾಠವನ್ನು ನಾನೂ ನನ್ನ ಅಕ್ಕ ಗಿರಿಜಾನೂ ಹಿತ್ತಲಿನಲ್ಲಿ ಒಂದು ಸೋರೆಕಾಯಿಯ ಮೇಲೆ ಪ್ರಯೋಗ ಮಾಡುತ್ತಿದ್ದೆವು. ಸೋರೆಕಾಯಿಯನ್ನು ಗೋಡೆಗೆ ಆನಿಸಿ ಕೂಡಿಸಿ, ಒಲೆಯ ಬೂದಿ ಬಳಿದು, ನಾನು ಎದೆ ಬಡಿದುಕೊಂಡು ಹಾಡುತ್ತಿದ್ದೆ. ಗಿರಿಜಕ್ಕ ಅಳುತ್ತಿರಲಿಲ್ಲ. ಬಂದವರಿಗೆ ಚಹಾ ಕೊಡುವ ಪಾತ್ರ ಅವಳದು. ಬಂದವರು ಯಾರು? ತುಳಸಿ ಗಿಡ, ಒರಳು, ಒಂದು ಬೆಕ್ಕು. ಎಲ್ಲರಿಗೂ ತೆಂಗಿನ ಚಿಪ್ಪಿನಲ್ಲಿ ನೀರು ಹಿಡಿದು "ತಗೋರಿ, ಇನ್ನೊಂದೀಟು ತಗೋರಿ" ಅನ್ನುವಳು. ಅವ್ವ ಬಂದು ಬೆನ್ನಿಗೊಂದು ಗುದ್ದಿ, "ಸೋರಿಕಾಯಿ ಸತ್ರ ಸೂತಕಿಲ್ಲ, ಇತ್ಲಾಗ ತರ್ರಿ, ಪಲ್ಯಾ ಮಾಡಬೇಕು" ಎಂದು ಹೆಣವನ್ನೇ ಎತ್ತಿಕೊಂಡು ಹೋಗುತ್ತಿದ್ದಳು.

ಕುಂತವರಿಗೆ ಚಂದ ಅನಿಸಬೇಕು ಅನ್ನುವ ಮಾತು ನನ್ನ ಮೈಗೆ ಎಷ್ಟು ಹತ್ತಿತೆಂದರೆ, ಸಾವಿನ ಮನೆ ಬಿಟ್ಟು ಹೊರಗೂ ಅದೇ ಬಾಳಾಯಿತು. ಮದುವೆಯಾದ ಹೊಸದರಲ್ಲಿ ಅತ್ತೆ ಹಾಗಲಕಾಯಿ ಪಲ್ಯ ಬಡಿಸಿ, "ಹೆಂಗಾಗೇತಿ?" ಅಂದರು. ನನಗೆ ಹಾಗಲಕಾಯಿ ಕಂಡರೆ ಆಗುವುದಿಲ್ಲ. "ಭಾಳ ರುಚಿ ಆಗೇತ್ರಿ" ಅಂದೆ. ಮುಗಿಯಿತು. ಅವರು ಬದುಕಿರುವ ತನಕ ನನಗೆಂದೇ ಒಂದು ಬಟ್ಟಲು ತೆಗೆದಿಡುತ್ತಿದ್ದರು. ಈಗಲೂ ನನ್ನ ಗಂಡ ಸಂತೆಯಿಂದ ಬಂದು, ಚೀಲದಿಂದ ಮೊದಲು ಹಾಗಲಕಾಯಿ ತೆಗೆದು, "ತಗೋ, ನಿನಗ ಸೇರತೈತಂತ ಹುಡುಕ್ಯಾಡಿ ತಂದೆ" ಅನ್ನುತ್ತಾರೆ. ಇಷ್ಟು ವರ್ಷದ ಮೇಲೆ ಹೇಗೆ ಹೇಳುವುದು ಹೇಳಿ?

ಸವಣೂರಿನ ಫಜೀತಿಯನ್ನೂ ಹೇಳಿಬಿಡುತ್ತೇನೆ. ನನ್ನ ಗಂಡನ ದೂರದ ಕಾಕಾ ಒಬ್ಬರು ತೀರಿಕೊಂಡಿದ್ದರು. ಇವರಿಗೆ ಮೈಯಲ್ಲಿ ಹುಷಾರಿರಲಿಲ್ಲ, ನಾನೊಬ್ಬಳೇ ಹೊರಟೆ. ಬಸ್ಸಿಳಿದು ಯಾರನ್ನೋ ಕೇಳಿದೆ. "ಸತ್ತಾರಲ್ಲ, ಆ ಓಣಿಯಾಗ ನೋಡ್ರಿ" ಅಂದರು. ತಿರುವಿನಲ್ಲೇ ಸೆರಗು ಹೊದ್ದು ದನಿ ತೆಗೆದೆ. ಹೆಂಗಸರು ಹಾದಿ ಬಿಟ್ಟರು. ಕಣ್ಣು ಅರ್ಧ ಮುಚ್ಚಿಕೊಂಡೇ ಹೋಗಿ ಮುಂದೆ ಕೂತು, ಹುಲಿಯಂಥ ಕಾಕಾ, ಮೀಸೆ ತಿರುವಿ ಕೂತಿಯೇನಪ್ಪಾ, ಮಗಳು ಬಂದಾಳ, ಬಾ ಅನ್ನೋ ಅಂತ ಹಾಡಿದೆ. ಮೂಗು ಒರೆಸಲು ಸೆರಗು ಸರಿಸಿದರೆ, ಅಯ್ಯೋ ಶಿವನೇ, ಎದುರಿಗೆ ಗೋಡೆಗೆ ಒರಗಿ ಕೂತದ್ದು ಒಬ್ಬ ಮುದುಕಿ. ಮೂಗಿನಲ್ಲಿ ಇಷ್ಟಗಲದ ಮೂಗುಬಟ್ಟು.

ಅದೇ ಓಣಿಯಲ್ಲಿ ಆ ದಿನ ಎರಡು ಸಾವು. ಕಾಕಾನ ಮನೆ ಇನ್ನೂ ಮುಂದಿತ್ತು. ಎದ್ದು, "ತಪ್ಪಾತ್ರಿ, ಮನಿ ತಪ್ಪಿ ಬಂದೆ" ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಆ ಮುದುಕಿಯ ಮಗಳು ಬಂದು ನನ್ನ ಕೊರಳಿಗೆ ಬಿದ್ದಳು. "ನಮ್ಮವ್ವ ನಿಮ್ಮನ್ನ ಎಷ್ಟ ನೆನಸತಿದ್ಲೋ ಏನೋ ರೀ, ಎಲ್ಲಿಂದೋ ಓಡಿ ಬಂದ್ರಿ!" ನನಗೆ ಏಳಲಾಗಲಿಲ್ಲ. ಹಾಡಿನ ನಡುವೆಯೇ ಕಾಕಾನನ್ನು ಕಾಕಿ ಮಾಡಿದೆ, ಮೀಸೆಯ ಜಾಗಕ್ಕೆ ಮೂಗುಬಟ್ಟು ತಂದೆ. ಹೆಣ ಎತ್ತುವ ತನಕ ಅಲ್ಲೇ ಕೂತೆ. ಅವರು ಒತ್ತಾಯ ಮಾಡಿ ಚಹಾ ಕುಡಿಸಿದರು. ಕಾಕಾನ ಮನೆಗೆ ಹೋಗುವಷ್ಟರಲ್ಲಿ ಅಲ್ಲಿ ಮಣ್ಣು ಮುಗಿದು ಮನೆ ತೊಳೆಯುತ್ತಿದ್ದರು.

"ಎದ್ದ ಬರಾಕ ಏನಾಗಿತ್ತು ನಿನಗ?" ಇವರು ಕೇಳಿದರು.

"ಅವರಿಗೆ ಕೆಟ್ಟ ಅನಸತಿತ್ತಲ್ರಿ."

ಇವರು ಹಣೆ ಹಣೆ ಬಡಿದುಕೊಂಡರು. ಕಾಕಾನ ಮನೆಯವರು ಇಂದಿಗೂ ಅದನ್ನು ಮರೆತಿಲ್ಲ.

ನಗುವ ಮಾತು ಇಲ್ಲಿಗೆ ಸಾಕು.

ಹಿರೇಕೆರೂರಿನ ಅತ್ತಿ ಹೋದಾಗ ಎಲ್ಲರಿಗಿಂತ ಮೊದಲು ಹೋಗಿ ಮುಟ್ಟಿದವಳು ನಾನೇ. ಗುರುವಿಗೆ ಶಿಷ್ಯೆ ಸಲ್ಲಿಸುವ ಸೇವೆ, ಬಿಡಲಾಗುತ್ತದೆಯೇ? ಎಲ್ಲಾರ್ಗೂ ಬೇಕಾದಾಕಿ ನಮ್ಮತ್ತೀ, ಹಸಿದಾವ್ರಿಗೆ ಉಣಿಸಿದಾಕಿ ನಮ್ಮತ್ತೀ ಅಂತ ಹಾಡಿದೆ. ಮುಂದೆ? ಮುಂದೇನು ಹಾಡಬೇಕೋ ತಿಳಿಯಲಿಲ್ಲ. ಯಾರ ಬಾಣಂತನ ಮಾಡಿದಳು ಗೊತ್ತು, ಯಾರ ಮದುವೆಗೆ ಎಷ್ಟು ದಿನ ಮೊದಲು ಹೋಗಿ ಶಾವಿಗೆ ಹೊಸೆದಳು ಗೊತ್ತು. ಅವಳಿಗೇ ಅಂತ ಏನು ಬೇಕಿತ್ತು? ಅದು ಗೊತ್ತಿರಲಿಲ್ಲ. ಹಾಗೂ ಹೀಗೂ ಹಾಡು ಮುಗಿಸಿದೆ. ಸಂಜೆ ಅವಳ ಸೊಸೆಯನ್ನು ಕೇಳಿದೆ. "ಅತ್ತಿಗೆ ಏನ ಸೇರತಿತ್ತು? ಎಡಿ ಇಡಬೇಕಲ್ಲ."

"ಏನ ಕೊಟ್ರೂ ಉಣತಿದ್ರು ಬಿಡ್ರಿ ಪಾಪ" ಅಂದಳು.

"ಯಾವ ಬಣ್ಣದ ಸೀರಿ?"

"ಯಾವ್ದ ಕೊಟ್ರೂ ಉಡತಿದ್ರು."

ಊರಿಗೆ ಮರಳುವ ಬಸ್ಸಿನಲ್ಲಿ ನನಗೆ ಹೆದರಿಕೆಯಾಯಿತು. ಒಬ್ಬ ಹೆಂಗಸು ಅಷ್ಟು ವರ್ಷ ಬದುಕಿ, ತನ್ನದು ಅನ್ನುವ ಒಂದು ಊಟವನ್ನೂ ಹಿಂದೆ ಉಳಿಸದೆ ಹೋದಳಲ್ಲ. ನಾಳೆ ನಾನು ಸತ್ತರೆ ನನ್ನ ಮುಂದೆ ಹಾಗಲಕಾಯಿ ಪಲ್ಯದ ಎಡೆ ಇಡುತ್ತಾರೆ. ಅದು ಖಾತ್ರಿ.

ನನ್ನ ಅಕ್ಕ ಗಿರಿಜಾ ಈ ವಿಷಯದಲ್ಲಿ ನನಗಿಂತ ಒಂದು ಕೈ ಮೇಲು. ಅವಳನ್ನು ಅಕ್ಕಿಆಲೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗದ್ದೆ, ಅಕ್ಕಿ ಗಿರಣಿ, ದೊಡ್ಡ ಮನೆ. ಅವಳ ಗಂಡನನ್ನು ನಾನು ಮಾವ ಅನ್ನುತ್ತಿದ್ದೆ. ಮಾವ ಊರಿನಲ್ಲಿ ನ್ಯಾಯ ಹೇಳುವ ಮನುಷ್ಯ. ಗಂಡ ಹೆಂಡತಿ ಜಗಳವಾಡಿಕೊಂಡು ಬಂದರೆ ಕಟ್ಟೆಯ ಮೇಲೆ ಕೂಡಿಸಿಕೊಂಡು, "ಹೆಣ್ಮಗಳ ಕಣ್ಣೀರು ಮನಿಗೆ ಚಲೋ ಅಲ್ಲೋ ತಮ್ಮಾ" ಅಂತ ಮೆತ್ತಗೆ ಬುದ್ಧಿ ಹೇಳುತ್ತಿದ್ದ. ಅದೇ ಮನುಷ್ಯ ಒಳಗೆ ಬಂದು, ಸಾರಿಗೆ ಉಪ್ಪು ಹೆಚ್ಚಾದರೆ ಕೈಗೆ ಸಿಕ್ಕಿದ್ದರಲ್ಲಿ ಅಕ್ಕನನ್ನು ಹೊಡೆಯುತ್ತಿದ್ದ. ಉಪ್ಪು ಸರಿಯಿದ್ದರೂ ಹೊಡೆಯುತ್ತಿದ್ದ.

ಒಂದು ಸಲ ಅವಳ ಎಡಗೈ ಮಣಿಕಟ್ಟು ಮುರಿಯಿತು. ಮನೆಯಲ್ಲಿ ಹುಡುಗರಿಗೆ ಲಿಂಗದೀಕ್ಷೆ ಕೊಡುವ ಅಯ್ಯಾಚಾರದ ಕಾರ್ಯ, ನೆಂಟರು ತುಂಬಿದ್ದರು. ಬಂದವರೆಲ್ಲ ಉಂಡು ಹೋಗುವ ತನಕ ಒಂದೇ ಕೈಯಲ್ಲಿ ಬಡಿಸಿದಳು. ಅಟ್ಟದ ಏಣಿಯಿಂದ ಬಿದ್ದೆ ಅಂತ ನಗುನಗುತ್ತ ಹೇಳಿದಳು. ಆಮೇಲೆ ನಾಟಿ ವೈದ್ಯರ ಹತ್ತಿರ ಕಟ್ಟಿಸಿದರು. ಅದು ಸೊಟ್ಟಗೆ ಕೂಡಿಕೊಂಡಿತು. ಅವಳು ಎಳೆಯ ಮಗ ಈರಣ್ಣನನ್ನು ಕಂಕುಳಲ್ಲಿ ಎತ್ತಿಕೊಂಡು ತವರಿಗೆ ಬಂದಾಗ ನಮ್ಮ ಅವ್ವ ಏನು ಮಾಡಿದಳು ಗೊತ್ತೇ? ತಲೆಗೆ ಎರೆದಳು, ಹೊಸ ಕುಪ್ಪಸ ತೊಡಿಸಿದಳು, ಉಡಿ ತುಂಬಿದಳು. "ಹೊಂದಿಕೊಂಡು ಹೋಗವಾ. ಅವ ಊರಿಗೇ ಬೇಕಾದಾಂವ. ನಾವು ಹೊರಗ ಬಿದ್ರ ಮಂದಿ ನಮ್ಮನ್ನ ಉಗಳತಾರ" ಅಂದು ತಿರುಗಿ ಬಸ್ಸು ಹತ್ತಿಸಿದಳು. ಆ ಉಡಿಯ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ ಎಲ್ಲವನ್ನೂ ಅಕ್ಕ ಸೊಟ್ಟ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ನನಗೆ ಅವ್ವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅವ್ವ ಹೋಗಿ ಎಷ್ಟೋ ಕಾಲವಾಯಿತು, ಆದರೂ ಇಳಿದಿಲ್ಲ.

ಆಮೇಲೆ ಮಾವನಿಗೆ ಲಕ್ವಾ ಹೊಡೆಯಿತು. ಬಲಮಗ್ಗಲು ಹೋಯಿತು, ಮಾತು ಹೋಯಿತು. ಅಕ್ಕ ಅವನ ಮೈ ಒರೆಸಿದಳು, ಗಂಜಿ ಕುಡಿಸಿದಳು, ಹೊರಳಿಸಿ ಮಲಗಿಸಿದಳು. ನೋಡಿದವರೆಲ್ಲ, "ಹೆಂಡ್ತಿ ಅಂದ್ರ ಗಿರಿಜವ್ವ" ಅಂತ ಹೊಗಳಿದರು. ನಾನೂ ಒಂದು ದಿನ ನೋಡಲು ಹೋಗಿದ್ದೆ. ಮಧ್ಯಾಹ್ನ ಹಿತ್ತಲಿನಲ್ಲಿ ಕೂತು ಇಬ್ಬರೂ ಅಕ್ಕಿ ಹಸನು ಮಾಡುತ್ತಿದ್ದೆವು. ಅಕ್ಕ ಮೊರದಿಂದ ಕಣ್ಣೆತ್ತದೆ ಮಾತು ತೆಗೆದಳು.

"ನೀಲಾ, ಇಂವ ಹೋದ ದಿನ ನೀ ಬರತಿ."

"ಬರದ ಇರತೇನೇನ ಅಕ್ಕಾ?"

"ಬಾ. ಆದ್ರ ಅಳಬ್ಯಾಡ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

"ನೀ ಹಾಡಿದ್ರ ಮಂದಿ ನಂಬತೈತಿ. ನೀ ಅವನ್ನ ದೇವರಂಥಾಂವ ಅಂದ್ರ ಅವ ದೇವರ ಆಗಿಬಿಡತಾನ. ಆವಾಗ ನಾ ಏನು? ದೇವರ ಕೈಲೆ ಬಡಿಸಿಕೊಂಡಾಕಿ. ಅಂದ್ರ ತಪ್ಪು ನಂದ ಇರಬೇಕು, ಹೌದಿಲ್ಲೋ?"

"ಮಂದಿ ಏನ ಅಂತಾರ ಅಕ್ಕಾ? ಸುಮ್ನ ಎರಡು ಮಾತು ಹಾಡಿ..."

"ಮಂದಿಗೆ ಬೇಕಾದ್ದೆಲ್ಲಾ ಮಾಡೇನಿ. ನಗು ಅಂದಾಗ ನಕ್ಕೇನಿ, ಬಡಿಸು ಅಂದಾಗ ಬಡಿಸೇನಿ. ಈಗ ಅವನ ಹೇಲು ಬಳಿಯಾಕತ್ತೇನಿ. ಬಿದ್ದ ಮನುಷ್ಯಾ, ಬಳೀತೇನಿ, ಅದಕ್ಕ ನನಗ ಬ್ಯಾಸರಿಲ್ಲ. ಆದ್ರ ನನ್ನ ಅಳು ನನ್ನ ಹಂತ್ಯಾಕ ಇರಲಿ. ಅದನ್ನ ಅವಗ ಕೊಡಂಗಿಲ್ಲ. ನೀನೂ ಕೊಡಬ್ಯಾಡ."

"ಆತು" ಅಂದೆ.

ಅಕ್ಕ ಮೊರವನ್ನು ಕೆಳಗಿಟ್ಟು ಮೊದಲ ಸಲ ನನ್ನ ಮುಖ ನೋಡಿದಳು. "ನಿನ್ನ ಆತು ನನಗ ಗೊತ್ತೈತಿ. ನೀ ಎಲ್ಲಾರ್ಗೂ ಆತು ಅನ್ನಾಕಿ. ಅವತ್ತ ನೀ ಅವನ ಬಗ್ಗೆ ಒಂದ ಚಲೋ ಮಾತು ಹಾಡಿದ್ರ ನನಗ ತಂಗಿ ಇಲ್ಲ, ನಿನಗ ಅಕ್ಕ ಇಲ್ಲ. ತಿಳೀತಿಲ್ಲೋ?"

ಅವಳು ಬಾಳಿನಲ್ಲಿ ಯಾರಿಗೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟು ಹೇಳಿ ಮತ್ತೆ ಅಕ್ಕಿಯೊಳಗಿನ ಹರಳು ಆರಿಸತೊಡಗಿದಳು.

ಹೋದ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ಈರಣ್ಣನ ಫೋನು ಬಂತು. "ಚಿಗವ್ವಾ, ಅಪ್ಪ ಹೋದ." ಅವನೀಗ ಗಿರಣಿ ನೋಡಿಕೊಳ್ಳುವ ದೊಡ್ಡ ಗಂಡಸು, ಅಪ್ಪನ ಹಾಗೆಯೇ ನಾಲ್ಕು ಜನ ಮಾತು ಕೇಳುವಂಥವನು. ನಾನು ಸೀರೆ ಉಟ್ಟು ಬಸ್ಸು ಹತ್ತಿದೆ. ಹಾನಗಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅಳುವುದಿಲ್ಲ, ಅಳುವುದಿಲ್ಲ ಅಂತ ಜಪ ಮಾಡುತ್ತಿದ್ದರೆ ಈ ಹಾಳು ಗಂಟಲು ತಾನಾಗಿಯೇ ಪದ ಕಟ್ಟುತ್ತಿತ್ತು. ನ್ಯಾಯದ ಕಟ್ಟೆ ಬರಿದಾತಲ್ಲೋ ನನ್ನ ಮಾವಾ ಅಂತ. ಎಷ್ಟು ಚಂದ ಕೂತಿತ್ತು ಆ ಸಾಲು! ಬಾಯಿ ಮುಚ್ಚಿಕೊಂಡು ಕೂತೆ. ಕಲಿತ ಕೈ ಸುಮ್ಮನಿರುವುದಿಲ್ಲ ಅನ್ನುತ್ತಾರೆ, ಕಲಿತ ಗಂಟಲೂ ಅಷ್ಟೇ.

ಓಣಿಯ ತಿರುವಿನಲ್ಲಿ ದನಿ ತೆಗೆಯಲಿಲ್ಲ. ಹಾಗೆ ಬರಿ ಕಾಲಸಪ್ಪಳದಲ್ಲಿ ಸಾವಿನ ಮನೆಗೆ ಹೋದದ್ದು ಅದೇ ಮೊದಲು. ಆದರೂ ಹೆಂಗಸರು ನೋಡಿಬಿಟ್ಟರು. "ಶಿಗ್ಗಾಂವಿ ನೀಲವ್ವ ಬಂದ್ಲು, ಹಾದಿ ಬಿಡ್ರಿ." ಪಡಸಾಲೆಯಲ್ಲಿ ಮಾವನನ್ನು ಕೂಡಿಸಿದ್ದರು. ತಲೆಗೆ ರುಮಾಲು ಸುತ್ತಿದ್ದರು. ಅಕ್ಕ ಒಂದು ಕಡೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಒಣಗಿದ್ದವು. ಸುತ್ತ ಕೂತವರೆಲ್ಲ ಅವಳ ಕಣ್ಣನ್ನೇ ನೋಡುತ್ತಿದ್ದರು. ಮೊಬೈಲುಗಳು ನನ್ನ ಕಡೆ ತಿರುಗಿದವು.

ಮಾವನ ಅಕ್ಕ, ತಡಸದ ಚನ್ನವ್ವ, ಎದ್ದು ಬಂದು ನನ್ನ ತೋಳು ಹಿಡಿದಳು. "ನೀನರ ಸುರು ಮಾಡವಾ. ಕಟಗೊಂಡಾಕಿ ಕಣ್ಣಾಗ ಒಂದ ಹನಿ ನೀರಿಲ್ಲ. ಮಂದಿ ಗುಜುಗುಜು ಅನ್ನಾಕತ್ತೈತಿ."

ನಾನು ಹೋಗಿ ಅಕ್ಕನ ಪಕ್ಕ ಕೂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಸೊಟ್ಟ ಕೈ ತೊಡೆಯ ಮೇಲಿತ್ತು. ಭಜನೆಯವರು ಕೂಡ ನಾನು ಶುರು ಮಾಡಲಿ ಅಂತ ತಾಳ ನಿಲ್ಲಿಸಿದರು. ಅಂಥ ನಿಶ್ಶಬ್ದದಲ್ಲಿ ಕೂತು ನೋಡಿದ್ದೀರಾ? ಊರೆಲ್ಲ ನಿಮ್ಮ ಬಾಯಿ ನೋಡುತ್ತಿರುತ್ತದೆ. ಒಂದು ಸಾಲು ಹಾಡಿದರೆ ಎಲ್ಲರಿಗೂ ಸಮಾಧಾನ. ನನ್ನ ಗಂಟಲಿನಲ್ಲಿ ಆ ಸಾಲು ಬಂದು ನಿಂತೇ ಇತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಈರಣ್ಣ ಗಂಡಸರ ನಡುವಿನಿಂದ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದ. "ಚಿಗವ್ವಾ, ದೊಡ್ಡ ದೊಡ್ಡ ಮಂದಿ ಬಂದಾರ. ಅವ್ವ ಹೆಂಗೂ ಹಂಗ ಕುಂತಾಳ. ನೀನರ ಸ್ವಲ್ಪ ಅತ್ತುಬಿಡು, ನಿನ್ನ ಕಾಲ ಬೀಳತೇನಿ."

"ಈರಣ್ಣಾ, ನಿನಗ ಏನೂ ನೆನಪಿಲ್ಲೇನು? ನೀ ಎಲ್ಲಾ ನೋಡೀದಿ."

ಅವನ ಮುಖ ಹೇಗೋ ಆಯಿತು. ಅವ್ವನ ಕೈ ನೋಡಿದ, ತಲೆ ತಗ್ಗಿಸಿ ಹೊರಗೆ ಹೋದ. ಚನ್ನವ್ವನಿಗೆ ತಡೆಯಲಾಗಲಿಲ್ಲ.

"ಏನವಾ, ಬಾಯಿ ಬಿದ್ದ ಹೋಗೇತೇನ? ಕಂಡ ಕಂಡಾವ್ರ ಮನ್ಯಾಗ ಬಾಯಿ ಬಾಯಿ ಬಡಕೊಂತಿ. ಅಕ್ಕನ ಗಂಡಗ ಅಳು ಇಲ್ಲೇನು?"

ಎಂಥೆಂಥ ನೆವ ಇದ್ದವು! ಗಂಟಲು ಬಿದ್ದಿದೆ ಅನ್ನಬಹುದಿತ್ತು. ತಲೆ ತಿರುಗುತ್ತಿದೆ ಅನ್ನಬಹುದಿತ್ತು. ಹಾಗಂದಿದ್ದರೆ ಯಾರಿಗೂ ಕೆಟ್ಟನಿಸುತ್ತಿರಲಿಲ್ಲ.

"ನನಗ ಇವರ ಸಲುವಾಗಿ ಅಳು ಬರವಲ್ದ್ರಿ" ಅಂದೆ. "ಇವರು ನಮ್ಮಕ್ಕನ ಕೈ ಮುರಿದಾರ."

ದನಿ ಸಣ್ಣದೇ ಇತ್ತು, ಆದರೂ ಪಡಸಾಲೆಗೆಲ್ಲ ಕೇಳಿಸಿತು. ಮೊಬೈಲುಗಳು ಒಂದೊಂದಾಗಿ ಕೆಳಗಿಳಿದವು. ಯಾರೋ "ಶಿವಶಿವಾ" ಅಂದರು. ಯಾರೂ ಸುಳ್ಳು ಅನ್ನಲಿಲ್ಲ. ಅಕ್ಕ ಆಗ ನನ್ನ ಕೈ ಹಿಡಿದುಕೊಂಡಳು, ಸೊಟ್ಟ ಕೈಯಿಂದಲೇ. ಧೈರ್ಯ ಗೀರ್ಯ ಏನೂ ಇರಲಿಲ್ಲ ನೋಡಿ, ಓಡಿಹೋಗಬೇಕು ಅನಿಸುತ್ತಿತ್ತು.

ಆಗ ಚನ್ನವ್ವ ಕುಸಿದು ಕೂತು ಅತ್ತಳು. ಅವಳು ಏನೂ ಹಾಡಲಿಲ್ಲ. ಗುಣ ಹೇಳಲಿಲ್ಲ, ಮೀಸೆ ಹೇಳಲಿಲ್ಲ. "ತಮ್ಮಾ, ತಮ್ಮಾ" ಅಂತ ಅಷ್ಟೇ. ಆ ಮನುಷ್ಯನನ್ನು ಸಣ್ಣವನಿದ್ದಾಗ ಅವಳು ಕಂಕುಳಲ್ಲಿ ಎತ್ತಿಕೊಂಡು ತಿರುಗಿದ್ದಳು, ಅದು ಅವಳ ಅಳು, ಅದರಲ್ಲಿ ಸುಳ್ಳಿರಲಿಲ್ಲ. ಅಷ್ಟು ವರ್ಷ ಅಷ್ಟು ಮನೆಗಳಲ್ಲಿ ನಾನು ಅತ್ತದ್ದು ಆ ಎರಡು ಮಾತಿನ ತೂಕಕ್ಕೆ ಬರುವುದಿಲ್ಲ ಅಂತ ಅವತ್ತು ತಿಳಿಯಿತು.

ಆ ದಿನದ ಸುದ್ದಿ ನಾಲ್ಕೂ ತಾಲೂಕಿಗೆ ಹರಡಲು ತಡವಾಗಲಿಲ್ಲ. ಅದಾದ ಮೇಲೆ ಯಾರ ಮನೆಯಿಂದಲೂ ನನಗೆ ಫೋನು ಬಂದಿಲ್ಲ. ಸತ್ತವರ ಮುಂದೆ ಕೂತು ಏನು ಮಾತಾಡಿಬಿಡುತ್ತಾಳೋ ಅನ್ನುವ ಅಂಜಿಕೆ ಇರಬೇಕು. ಮದುವೆಗೂ ಕೆಲವರು ಕರೆಯುವುದಿಲ್ಲ. ಯಲವಿಗಿಯ ನಮ್ಮ ಬೀಗರಂತೂ ಸಂತೆಯಲ್ಲಿ ಕಂಡರೆ ಕಾಯಿಪಲ್ಯದ ಕಡೆ ಮುಖ ತಿರುಗಿಸುತ್ತಾರೆ. ನೋವಾಗುವುದಿಲ್ಲವೇ ಅಂದರೆ ಆಗುತ್ತದೆ. ಎಲ್ಲರಿಗೂ ಬೇಕಾದವಳಾಗಿ ಇದ್ದವಳಿಗೆ ಒಮ್ಮೆಲೇ ಯಾರಿಗೂ ಬೇಡವಾಗಿ ಇರುವುದು ಸುಲಭವಲ್ಲ. ಎಷ್ಟೋ ಸಲ ಫೋನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿರುತ್ತೇನೆ.

ಆದರೆ ಜನರಿಗೆ ಹೆಚ್ಚು ಸಿಟ್ಟು ಬಂದದ್ದು ಪಡಸಾಲೆಯ ಮಾತಿಗಿಂತ ಆಮೇಲಿನ ಮಾತಿಗೆ. ಅದೊಂದನ್ನು ಹೇಳಿ ಮುಗಿಸುತ್ತೇನೆ.

ಮಣ್ಣು ಮುಗಿಸಿ ಎಲ್ಲರೂ ತಿರುಗಿ ಬಂದರು. ಮೈಮೇಲೆ ನೀರು ಹಾಕಿಕೊಳ್ಳದೆ ಒಳಗೆ ಹೋಗುವ ಹಾಗಿಲ್ಲ. ಅಕ್ಕನನ್ನು ನಾನು ಬಚ್ಚಲಿಗೆ 	ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಹೊರಗೆ ಹಿತ್ತಲಿನಲ್ಲಿ ಹೆಂಗಸರು ಸರದಿಗೆ ನಿಂತಿದ್ದರು. ತಲೆಯ ಮೇಲೆ ನೀರು ಸುರಿದೆ. ಎರಡನೆಯ ತಂಬಿಗೆ ಎತ್ತುವಷ್ಟರಲ್ಲಿ ಅಕ್ಕನ ಬಾಯಿ ತೆರೆಯಿತು. ಆಮೇಲೆ ದನಿ ಬಂತು. ಅಂಥ ದನಿ ಅವಳಲ್ಲಿ ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ.

"ಗಿರಿಜವ್ವಾ, ನನ್ನ ಗಿರಿಜವ್ವಾ" ಅಂತ ರಾಗ ಎಳೆದಳು. "ಎರಡ ಜಡಿ ಹಾಕ್ಕೊಂಡು ಈ ಮನಿಗೆ ಬಂದಿದ್ಯಲ್ಲಾ ನನ್ನವ್ವಾ. ಯಾರಿಗೂ ಬ್ಯಾಡ ಅನ್ನಲಿಲ್ಲಲ್ಲಾ ನನ್ನವ್ವಾ. ನಿನಗ ಒಂದ ದಿನಾನೂ ಯಾರೂ ಉಂಡಿ ಏನ ಅನ್ನಲಿಲ್ಲಲ್ಲಾ ನನ್ನವ್ವಾ."

ನಾನು ತಂಬಿಗೆ ಕೆಳಗಿಟ್ಟೆ. ಹಾಡ್ಯಾಡಿ ಅಳಲು ಅವಳಿಗೆ ಯಾರೂ ಕಲಿಸಿರಲಿಲ್ಲ.

ಹೊರಗೆ ಹಿತ್ತಲಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಪದ ಅವರಿಗೆ ತಿಳಿದಿರಲಿಲ್ಲ, ದನಿಯಷ್ಟೇ ಕೇಳಿಸಿತ್ತು. "ಅಂತೂ ಅತ್ಲಪಾ" ಅಂದಳು ಒಬ್ಬಳು. "ಎಷ್ಟ ಆದ್ರೂ ಗಂಡಲ್ಲನ? ಒಳಗಿಟ್ಟಗೊಂಡಿದ್ಲು ಪಾಪ." ಇನ್ನೊಬ್ಬಳು, "ಈಗ ಅವನ ಜೀವಕ್ಕ ಶಾಂತಿ ಸಿಕ್ತು ನೋಡ್ರಿ" ಅಂದಳು. ಎಲ್ಲರ ದನಿಯಲ್ಲೂ ಸಮಾಧಾನವಿತ್ತು. ಬೆಳಗಿನಿಂದ ಕೆಟ್ಟುಹೋದದ್ದೆಲ್ಲ ಸರಿಹೋದ ಹಾಗೆ. ನಾನು ಸುಮ್ಮನಿದ್ದರೆ ಸಾಕಿತ್ತು. ಸಂಜೆಯ ಹೊತ್ತಿಗೆ ನಾನೂ ಅಕ್ಕನೂ ಮತ್ತೆ ಎಲ್ಲರಿಗೂ ಬೇಕಾದವರಾಗುತ್ತಿದ್ದೆವು.

ಬಾಗಿಲು ತೆಗೆದು ಹೊರಗೆ ಬಂದೆ.

"ಅವಗಲ್ರಿ" ಅಂದೆ. "ಆಕಿ ತನ್ನ ಸಲುವಾಗಿ ಅಳಾಕತ್ತಾಳ."

ಅವರ ಮುಖ ನೋಡಲು ನಿಲ್ಲಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿ, ಒದ್ದೆ ಸೀರೆಯಲ್ಲಿ ನಡುಗುತ್ತಿದ್ದ ಅಕ್ಕನ ಕೊರಳಿಗೆ ಬಿದ್ದೆ. ಅವಳ ದನಿಗೆ ನನ್ನ ದನಿ ಕೂಡಿಸಿದೆ. ಅದರಲ್ಲಿ ರಾಗವಿರಲಿಲ್ಲ, ಪದಗಳೂ ಕೂಡಿ ಬರಲಿಲ್ಲ. ಗಂಟಲು ಕರಕರ ಅನ್ನುತ್ತಿತ್ತು. ಕೇಳಿದವರಿಗೆ ಅದು ಚಂದ ಅನಿಸಿರಲಾರದು.